ಹಲ್ಲಿನ ಕ್ಲಿಪ್ ಕಿತ್ತು ಬಂತೆ? ಗಾಬರಿ ಬೇಡ, ಉದಾಸೀನವೂ ಬೇಡ

ಶನಿವಾರ ರಾತ್ರಿ ಊಟಕ್ಕೆ ಕೂತ ಮಗಳು ‘ಅಮ್ಮಾ, ಕ್ಲಿಪ್ ಅಲ್ಲಾಡ್ತಿದೆ’ ಅಂತಾಳೆ. ಭಾನುವಾರ ಕ್ಲಿನಿಕ್ ಬಾಗಿಲು ಹಾಕಿರುತ್ತೆ. ಅಷ್ಟೊಂದು ದುಡ್ಡು ಸುರಿದು ಹಾಕಿಸಿದ್ದು ಹೀಗಾಯ್ತಲ್ಲ ಅಂತ ನಿಮಗೆ ಸಂಕಟ. ಮೊದಲು ಸಮಾಧಾನ ಮಾಡಿಕೊಳ್ಳಿ. ಕ್ಲಿಪ್ ಸಡಿಲವಾಗುವುದು ಅಪರೂಪವೇನಲ್ಲ. ಸಾಮಾನ್ಯವಾಗಿ ರಾತ್ರೋರಾತ್ರಿ ಆಸ್ಪತ್ರೆಗೆ ಓಡಬೇಕಾದ ಸಂಗತಿಯೂ ಅಲ್ಲ. ಆದರೆ ‘ಮುಂದಿನ ತಿಂಗಳು ಹೇಗೂ ಹೋಗ್ಬೇಕಲ್ಲ, ಆಗ ತೋರಿಸಿದರಾಯ್ತು’ ಅಂತ ಸುಮ್ಮನಿದ್ದರೆ ಮಾತ್ರ ನಷ್ಟ ನಿಮಗೇ.

ಯಾಕೆ ಅಂತೀರಾ? ಹಲ್ಲಿಗೆ ಅಂಟಿಸಿರುವ ಪುಟ್ಟ ಬಿಲ್ಲೆಯೇ ಬ್ರಾಕೆಟ್. ಅದರಲ್ಲಿ ಹಾದುಹೋಗುವ ತಂತಿ ಹಲ್ಲನ್ನು ಹಗುರವಾಗಿ ಒತ್ತುತ್ತಾ ಸ್ವಲ್ಪ ಸ್ವಲ್ಪವೇ ಸರಿಸುತ್ತದೆ. ಬ್ರಾಕೆಟ್ ಬಿಟ್ಟುಕೊಂಡರೆ ಆ ಹಲ್ಲಿನ ಹಿಡಿತ ತಪ್ಪಿತು. ಹಲ್ಲು ಅಲ್ಲೇ ನಿಲ್ಲಬಹುದು, ಹಳೆಯ ಜಾಗದತ್ತ ವಾಪಸ್ಸೂ ಸರಿಯಬಹುದು. ಒಂದೂವರೆ, ಎರಡು ವರ್ಷದಲ್ಲಿ ಮುಗಿಯಬೇಕಾದ ಚಿಕಿತ್ಸೆ ಮತ್ತಷ್ಟು ಎಳೆಯುತ್ತದೆ. ದವಡೆ ಹಲ್ಲಿಗೆ ಉಂಗುರದಂತೆ ತೊಡಿಸಿದ ಬ್ಯಾಂಡ್ ಸಡಿಲವಾದರೆ, ಅದರಡಿ ಆಹಾರ ಸಿಕ್ಕಿಕೊಂಡು ಹಲ್ಲು ಹುಳುಕಾಗುವ ಭಯವೂ ಇದೆ.

ಹಾಗಾಗಿ ಕ್ಲಿನಿಕ್ ತೆರೆದ ಕೂಡಲೇ ಫೋನ್ ಮಾಡಿ. ಯಾವ ಹಲ್ಲು, ಏನಾಗಿದೆ ಎಂದು ಬಿಡಿಸಿ ಹೇಳಿ. ಮೊಬೈಲಿನಲ್ಲಿ ಫೋಟೊ ತೆಗೆದು ಕಳಿಸಿದರೆ ಇನ್ನೂ ಅನುಕೂಲ.

ಅಲ್ಲಿಯವರೆಗೆ ಮನೆಯಲ್ಲಿ ಹೀಗೆ ಮಾಡಿ:

* ಬ್ರಾಕೆಟ್ ತಂತಿಯಲ್ಲೇ ನೇತಾಡುತ್ತಿದ್ದರೆ ಎಳೆದು ಕೀಳಬೇಡಿ. ಹತ್ತಿಯಿಂದ ಆ ಜಾಗ ಒರೆಸಿ, ಡಾಕ್ಟರು ಕೊಟ್ಟ ಮೇಣವನ್ನು ಬಟಾಣಿ ಕಾಳಿನಷ್ಟು ಉಂಡೆ ಮಾಡಿ ಅದರ ಮೇಲೆ ಒತ್ತಿ. ಪೂರ್ತಿ ಕಿತ್ತು ಬಂದಿದ್ದರೆ ಎಸೆಯದೆ ಪುಟ್ಟ ಡಬ್ಬಿಯಲ್ಲಿಟ್ಟು ಜೊತೆಗೆ ಒಯ್ಯಿರಿ.

* ತಂತಿಯ ತುದಿ ಕೆನ್ನೆಗೆ ಚುಚ್ಚುತ್ತಿದ್ದರೆ ಕೈ ತೊಳೆದು, ಕಿವಿಗೆ ಬಳಸುವ ಹೊಸ ಹತ್ತಿಕಡ್ಡಿಯಿಂದ ಮೆಲ್ಲಗೆ ಹಲ್ಲಿನ ಕಡೆಗೆ ಒತ್ತಿ, ಮೇಲೆ ಮೇಣ ಹಚ್ಚಿ. ಮೇಣ ಹೊಟ್ಟೆಗೆ ಹೋದರೂ ಅಪಾಯವಿಲ್ಲ. ತಂತಿ ಕತ್ತರಿಸುವ ಸಾಹಸ ಡಾಕ್ಟರನ್ನು ಕೇಳದೆ ಬೇಡ, ತುಂಡು ಗಂಟಲಿಗೆ ಜಾರೀತು.

* ಬಾಯಿ ಹುಣ್ಣಾಗಿದ್ದರೆ ಒಂದು ಲೋಟ ಉಗುರು ಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ ದಿನಕ್ಕೆ ಮೂರ್ನಾಲ್ಕು ಸಲ ಮುಕ್ಕಳಿಸಲಿ. ನೋವು ಅಂತ ಬ್ರಷ್ ಮಾಡುವುದನ್ನು ಬಿಡಬಾರದು.

* ಮನೆಯಲ್ಲಿರುವ ಅಂಟಿನಿಂದ ನೀವೇ ಅಂಟಿಸಲು ಹೋಗಬೇಡಿ. ಅದು ಬಾಯಿಗೆ ಹಾಕುವಂಥದ್ದಲ್ಲ, ಬ್ರಾಕೆಟ್ಟೂ ಸರಿಯಾದ ಜಾಗದಲ್ಲಿ ಕೂರುವುದಿಲ್ಲ.

* ತುಂಡು ನುಂಗಿಬಿಟ್ಟರೆ ಸಾಮಾನ್ಯವಾಗಿ ಮಲದಲ್ಲಿ ಹೊರಹೋಗುತ್ತದೆ. ಆದರೂ ಡಾಕ್ಟರಿಗೆ ತಿಳಿಸಿ. ಬಿಡದೆ ಕೆಮ್ಮು, ಉಸಿರಾಟಕ್ಕೆ ತೊಂದರೆ, ನುಂಗಲು ಕಷ್ಟ ಅಥವಾ ಹೊಟ್ಟೆನೋವು ಕಾಣಿಸಿದರೆ ಮಾತ್ರ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ. ಬಿದ್ದು ಪೆಟ್ಟಾಗಿ ಹಲ್ಲೇ ಅಲ್ಲಾಡುತ್ತಿದ್ದರೂ ಅಷ್ಟೇ.

ಬ್ರಾಕೆಟ್ ಕೀಳುವ ಕೆಲಸ ಬಹುಪಾಲು ನಡೆಯುವುದು ನಮ್ಮ ಅಡುಗೆಮನೆಯ ಡಬ್ಬಿಗಳಿಂದಲೇ. ಗಟ್ಟಿ ಚಕ್ಕುಲಿ, ನಿಪ್ಪಟ್ಟು, ಕಡಲೆಕಾಯಿ ಚಿಕ್ಕಿ, ಸಂಕ್ರಾಂತಿಯ ಕಬ್ಬು, ಸಕ್ಕರೆ ಅಚ್ಚು, ಜಿಗುಟು ಚಾಕೊಲೇಟ್ ದೂರವಿಡಿ. ಹಾಗಂತ ಮಕ್ಕಳ ಬಾಯಿ ಕಟ್ಟಬೇಕಿಲ್ಲ. ಸೀಬೆ, ಸೇಬನ್ನು ತೆಳ್ಳಗೆ ಹೆಚ್ಚಿ ಕೊಡಿ, ಜೋಳದ ತೆನೆಯನ್ನು ಕಚ್ಚಿ ತಿನ್ನಲು ಬಿಡದೆ ಕಾಳು ಬಿಡಿಸಿ ಬೇಯಿಸಿ. ಪೆನ್ನು, ಉಗುರು ಕಚ್ಚುವ ಚಾಳಿಯನ್ನೂ ಬಿಡಿಸಿ.

ಬ್ರಾಕೆಟ್ ಬಿಟ್ಟುಕೊಂಡರೆ ಎಷ್ಟೋ ಸಲ ನೋವೇ ಇರುವುದಿಲ್ಲ, ಹಾಗಾಗಿ ಮಕ್ಕಳಿಗೆ ಗೊತ್ತೇ ಆಗದು. ಗೊತ್ತಾದರೂ ಬೈಗುಳಕ್ಕೆ ಹೆದರಿ ಬಾಯಿ ಬಿಡುವುದಿಲ್ಲ. ವಾರಕ್ಕೊಮ್ಮೆ, ಬ್ರಷ್ ಮಾಡಿದ ಮೇಲೆ, ಬೆಳಕಿನಲ್ಲಿ ನಿಲ್ಲಿಸಿ ಒಂದೊಂದೇ ಬ್ರಾಕೆಟ್ ನೋಡಿ. ಏನಾದರೂ ಕಂಡರೆ ರೇಗಬೇಡಿ. ಒಮ್ಮೆ ರೇಗಿದರೆ, ಮುಂದಿನ ಸಲ ನಿಮಗೆ ವಿಷಯ ತಿಳಿಯುವುದು ಡಾಕ್ಟರ ಬಾಯಿಂದಲೇ!