ಕಾಡು ದಾಟಿದ ಮೇಲೆ ಬಾಯಿಬಿಡುವ ಡಬ್ಬಿ

ಹಳಿಯಾಳ ಬಿಟ್ಟು ದಾಂಡೇಲಿ, ಗಣೇಶಗುಡಿ ದಾಟಿ ಜೋಯಿಡಾ ಹಾದಿ ಹಿಡಿದರೆ ಕಾಡು ದಟ್ಟವಾದಂತೆ ಫೋನಿನ ಸಿಗ್ನಲ್ ಗೆರೆಗಳು ಒಂದೊಂದಾಗಿ ಉದುರುತ್ತವೆ. ಕುಂಬಾರವಾಡಾದ ಹತ್ತಿರ ಟ್ಯಾಕ್ಸಿ ಚಾಲಕ ಚಹಾದಂಗಡಿ ಮುಂದೆ ಗಾಡಿ ನಿಲ್ಲಿಸಿ, "ಇಲ್ಲಿ ನೆಟ್‌ವರ್ಕ್ ಇಲ್ರಿ ಸರ. ಮಾಲಕರಿಗೆ ನಾವು ಎಲ್ಲಿ ಅದೀವಿ ಅಂತ ಗೊತ್ತಾಗಂಗಿಲ್ಲ" ಎಂದ. ಕೆಎ-65ರ ಹಳದಿ ಬೋರ್ಡಿನ ಗಾಡಿ. ಡ್ಯಾಶ್‌ಬೋರ್ಡಿನ ಸಂದಿಯಲ್ಲಿ, ಗಾಡಿಯ ಜಾಡು ಹಿಡಿಯುವ ಡಬ್ಬಿಯ ಸಣ್ಣ ದೀಪ ಮಿಣುಕುತ್ತಲೇ ಇತ್ತು.

ಅವನ ಲೆಕ್ಕ ತಪ್ಪಿತ್ತು. ಗಾಡಿ ಎಲ್ಲಿದೆ ಎಂದು ತಿಳಿಯಲು ಆ ಡಬ್ಬಿಗೆ ಉಪಗ್ರಹ ಸಾಕು. ಟವರ್ ಬೇಕಾಗುವುದು ಹೇಳಿಬಿಡಲು ಮಾತ್ರ. ಎಐಎಸ್-140 ಎಂಬ ಮಾನದಂಡದ ಪ್ರಕಾರ ಅದು ಕನಿಷ್ಠ 40,000 ಸ್ಥಳಗಳನ್ನು ನೆನಪಿಡಬೇಕು. ಐದು ಸೆಕೆಂಡಿಗೊಂದರಂತೆ ಬರೆದುಕೊಂಡರೂ ಎರಡು ದಿನ ದಾಟುತ್ತದೆ. ಈ ಕಾಡಿನ ಒಂದೆರಡು ತಾಸು ಯಾವ ಲೆಕ್ಕ? ಸಿಗ್ನಲ್ ಸಿಕ್ಕಿದ್ದೇ ತಡ, ಒಳಗಿನ ಸಿಮ್ ಎಲ್ಲವನ್ನೂ ಒಪ್ಪಿಸಿಬಿಡುತ್ತದೆ.

ಡಬ್ಬಿ ಹುಟ್ಟಿದ್ದು ಚಾಲಕನನ್ನು ಕಾಯಲಿಕ್ಕಲ್ಲ. 2012ರ ಡಿಸೆಂಬರಿನಲ್ಲಿ ದೆಹಲಿಯ ಬಸ್ಸೊಂದರಲ್ಲಿ ನಡೆದ ಅತ್ಯಾಚಾರ ದೇಶವನ್ನೇ ನಡುಗಿಸಿತು. ಆ ಬಳಿಕ ಪ್ರಯಾಣಿಕರ ಸುರಕ್ಷತೆಗೆಂದು 2016ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ಮೋಟಾರು ವಾಹನ ನಿಯಮಗಳಿಗೆ 125ಎಚ್ ಎಂಬ ನಿಯಮ ಸೇರಿಸಿತು. 2019ರ ಜನವರಿ 1ರಿಂದ ಹೊಸ ಸಾರ್ವಜನಿಕ ಸೇವಾ ವಾಹನಗಳಿಗೆ ಸ್ಥಳ ತೋರಿಸುವ ಸಾಧನ, ತುರ್ತು ಗುಂಡಿ ಕಡ್ಡಾಯವಾದವು. ಅದೇ ವರ್ಷ ಹ್ಯುಂಡೈ ವೆನ್ಯೂ, ಎಂಜಿ ಹೆಕ್ಟರ್ ಒಳಗೇ ಸಿಮ್ ಇಟ್ಟುಕೊಂಡು ಬಂದವು. ಬಾಡಿಗೆ ಗಾಡಿಗೆ ಕಾನೂನು ಕಟ್ಟಿದ್ದನ್ನು ಸ್ವಂತ ಕಾರಿನವರು ದುಡ್ಡು ಕೊಟ್ಟು ತಂದುಕೊಂಡರು.

ಈ ಸ್ಥಳಗಳ ದಾಖಲೆಯಿಂದ ಹೆಸರು ಅಳಿಸಿದರೆ ಸಾಕಲ್ಲವೇ ಎನ್ನುವವರಿದ್ದಾರೆ. 2013ರಲ್ಲಿ ಸಂಶೋಧಕರು 15 ಲಕ್ಷ ಜನರ 15 ತಿಂಗಳ ಮೊಬೈಲ್ ದಾಖಲೆಯನ್ನು ಹೆಸರಿಲ್ಲದೆ ಜಾಲಾಡಿದ್ದರು. ಯಾವ ಹೊತ್ತಿಗೆ ಎಲ್ಲಿದ್ದರು ಎಂಬ ನಾಲ್ಕೇ ಗುರುತು ಸಿಕ್ಕರೆ ನೂರಕ್ಕೆ 95 ಮಂದಿಯನ್ನು ಗುಂಪಿನಿಂದ ಬೇರ್ಪಡಿಸಬಹುದಿತ್ತು. ಬೆಳಿಗ್ಗೆ ಆರಕ್ಕೆ ಹಳಿಯಾಳ, ಹತ್ತಕ್ಕೆ ಗಣೇಶಗುಡಿ, ಮಧ್ಯಾಹ್ನ ಉಳವಿ, ರಾತ್ರಿ ಮನೆಯ ಓಣಿ: ನಮ್ಮ ಚಾಲಕ ಸಿಕ್ಕೇಬಿದ್ದ.

ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟು ಹೇಳಿದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಮೊಕದ್ದಮೆಯಲ್ಲಿ. 2023ರಲ್ಲಿ ದತ್ತಾಂಶ ರಕ್ಷಣೆಯ ಕಾಯ್ದೆಯೂ ಬಂತು. ಆದರೆ ಅದರ ಏಳನೇ ಸೆಕ್ಷನ್ನಿನಲ್ಲಿ ಒಂದು ಕಿಂಡಿ ಇದೆ: ನೌಕರಿಯ ಸಲುವಾಗಿ, ಮಾಲಕನ ನಷ್ಟ ತಪ್ಪಿಸುವ ಸಲುವಾಗಿ ಮಾಹಿತಿ ಬಳಸಲು ಒಪ್ಪಿಗೆ ಕೇಳಬೇಕಿಲ್ಲ. ಸಂಬಳದ ಚಾಲಕ ನೇರ ಆ ಕಿಂಡಿಯ ಎದುರಿಗೇ ಕೂತಿದ್ದಾನೆ.

ಯುರೋಪಿನವರು ಬೇರೆ ದಾರಿ ಹಿಡಿದರು. 2018ರ ಮಾರ್ಚ್ 31ರಿಂದ ಅಲ್ಲಿನ ಹೊಸ ಮಾದರಿಯ ಕಾರುಗಳಿಗೆ ಕಡ್ಡಾಯವಾದ ಇ-ಕಾಲ್ ಎಂಬ ತುರ್ತು ಕರೆ ಸಾಧನ ಸುಮ್ಮನೆ ಮಲಗಿರುತ್ತದೆ. ಕೊನೆಯ ಮೂರು ಸ್ಥಳ ಬಿಟ್ಟು ಉಳಿದದ್ದನ್ನು ಅಳಿಸುತ್ತಲೇ ಹೋಗುತ್ತದೆ. ಅಪಘಾತವಾದರೆ, ಇಲ್ಲವೇ ಗುಂಡಿ ಒತ್ತಿದರೆ ಮಾತ್ರ ಏಳುತ್ತದೆ. ನಮ್ಮ ಡಬ್ಬಿಗೂ ಇಷ್ಟು ನಿದ್ದೆ ಕಲಿಸುವುದು ಕಷ್ಟದ ಕೆಲಸವೇನಲ್ಲ ಎಂಬುದು ನನ್ನ ಎಣಿಕೆ.

ಚಾಲಕನಿಗೆ ಇದನ್ನೆಲ್ಲ ಹೇಳಿದೆ. "ಹಂಗಾರ ಚಾಕ್ಕ ನಿಂತದ್ದೂ ಗೊತ್ತಾಗತದೇನ್ರಿ?"

"ಗೊತ್ತಾಗತದ."

ದೀಪದ ಕಡೆ ಒಮ್ಮೆ ನೋಡಿ, ಅಂಗಡಿಯವನತ್ತ ತಿರುಗಿದ. "ಹೆಂಗೂ ಗೊತ್ತಾಗತದಂತ. ಇನ್ನೊಂದು ಕಪ್ ಹಾಕ್ರಿ."