ಕಾವುಯಂತ್ರದಲ್ಲಿ ನೀರಿನ ಲೆಕ್ಕ ಮತ್ತು ಎಳೆಮರಿಗಳ ಪೋಷಣೆ

ಹೇಂಟೆಯು ಮೊಟ್ಟೆಗಳ ಮೇಲೆ ಕಾವು ಕೂತಾಗ ಅದು ಕೊಡುವುದು ಶಾಖವೊಂದನ್ನೇ ಎಂದು ಮೇಲುನೋಟಕ್ಕೆ ತೋರುತ್ತದೆ. ಆದುದರಿಂದ ಕಾವುಯಂತ್ರವನ್ನು ಹೊಸದಾಗಿ ಬಳಸುವವರು ಉಷ್ಣಮಾಪಕವನ್ನು ಮಾತ್ರ ನೆಚ್ಚಿ ನಡೆಯುವುದುಂಟು. ಆದರೆ 21 ದಿನ ಕಾದ ಬಳಿಕ, ಪೂರ್ಣವಾಗಿ ಬೆಳೆದ ಮರಿಗಳು ಚಿಪ್ಪಿನೊಳಗೇ ಸತ್ತಿರುವುದು ಕಂಡುಬಂದರೆ, ಕಾರಣವನ್ನು ಶಾಖದಲ್ಲಿ ಮಾತ್ರವಲ್ಲದೆ ನೀರಿನಲ್ಲಿಯೂ ಹುಡುಕಬೇಕಾಗುತ್ತದೆ.

ಶಾಖದ ನಿಯಮ ಸರಳವಾದುದು. ಬೀಸಣಿಗೆಯುಳ್ಳ ಯಂತ್ರದಲ್ಲಿ ಉಷ್ಣತೆ ಸುಮಾರು 37.5 ಡಿಗ್ರಿ ಸೆಲ್ಸಿಯಸ್ ಇರತಕ್ಕದ್ದು. ಬೀಸಣಿಗೆಯಿಲ್ಲದ ಪೆಟ್ಟಿಗೆಯಲ್ಲಿ ಬಿಸಿಗಾಳಿ ಮೇಲಕ್ಕೇರಿ ನಿಲ್ಲುವುದರಿಂದ, ಮೊಟ್ಟೆಗಳ ಮೇಲ್ಮಟ್ಟದಲ್ಲಿ ಅಳೆದಾಗ 38.5ರಿಂದ 39 ಡಿಗ್ರಿ ತೋರಬೇಕು. ಭ್ರೂಣವು ಚಿಪ್ಪಿನೊಳಪೊರೆಗೆ ಅಂಟದಂತೆ 18ನೆಯ ದಿನದವರೆಗೆ ಮೊಟ್ಟೆಗಳನ್ನು ದಿನಕ್ಕೆ ಹಲವು ಬಾರಿ ಹೊರಳಿಸಬೇಕು.

ಇನ್ನು ನೀರಿನ ವಿಷಯ. ಚಿಪ್ಪಿನಲ್ಲಿ ಸಾವಿರಾರು ಸೂಕ್ಷ್ಮ ರಂಧ್ರಗಳಿವೆ. ಇವುಗಳ ಮೂಲಕ ನೀರು ಆವಿಯಾಗಿ ಹೋದಷ್ಟೂ ಮೊಟ್ಟೆಯ ದಪ್ಪ ತುದಿಯಲ್ಲಿರುವ ಗಾಳಿಯ ಕೋಶ ಹಿಗ್ಗುತ್ತದೆ. ಮರಿಯು ಶ್ವಾಸಕೋಶದಿಂದ ಎಳೆಯುವ ಮೊದಲ ಉಸಿರು ಈ ಕೋಶದ ಗಾಳಿಯೇ. ನೀರು ಸಾಲದಷ್ಟು ಹೊರಹೋದರೆ ಕೋಶ ಕಿರಿದಾಗಿ ಮರಿ ಉಸಿರುಕಟ್ಟುತ್ತದೆ. ಅತಿಯಾಗಿ ಹೋದರೆ ಮರಿ ಸೊರಗುತ್ತದೆ. 18 ದಿನಗಳಲ್ಲಿ ಮೊಟ್ಟೆಯ ತೂಕ ನೂರಕ್ಕೆ ಸುಮಾರು 12ರಷ್ಟು ಇಳಿಯುವುದು ಹಿತಕರ. 60 ಗ್ರಾಂ ತೂಗುವ ಮೊಟ್ಟೆಗೆ ಇದು ಸುಮಾರು 7 ಗ್ರಾಂ ಆಗುತ್ತದೆ. ಒಂಬತ್ತನೆಯ ದಿನ ತಟ್ಟೆಯನ್ನು ತೂಗಿದಾಗ ಇದರ ಅರ್ಧದಷ್ಟು ಇಳಿದಿದ್ದರೆ ಲೆಕ್ಕ ಸರಿಯಾಗಿದೆಯೆಂದು ತಿಳಿಯಬಹುದು.

ಸಾಮಾನ್ಯವಾಗಿ ಮೊದಲ 18 ದಿನ ಸಾಪೇಕ್ಷ ಆರ್ದ್ರತೆಯನ್ನು ನೂರಕ್ಕೆ 50ರಿಂದ 55ರಷ್ಟು ಇಡುತ್ತಾರೆ. ಆದರೆ ರಾಯಚೂರಿನ ಬೇಸಗೆಯಲ್ಲಿಯೂ ಮಂಗಳೂರಿನ ಮಳೆಗಾಲದಲ್ಲಿಯೂ ಒಂದೇ ಅಳತೆಯ ನೀರಿನ ತಟ್ಟೆ ಒಂದೇ ಫಲವನ್ನು ಕೊಡಲಾರದು. ತಕ್ಕಡಿಯ ಸಾಕ್ಷ್ಯವನ್ನು ಕೇಳಬೇಕಾದುದು ಇದಕ್ಕಾಗಿಯೇ.

ಕೊನೆಯ ಮೂರು ದಿನಗಳಲ್ಲಿ ನಿಯಮ ಬದಲಾಗುತ್ತದೆ. ಆಗ ಆರ್ದ್ರತೆಯನ್ನು 65ರಿಂದ 70ಕ್ಕೆ ಏರಿಸಬೇಕು. ಇಲ್ಲವಾದರೆ ಒಳಪೊರೆ ಒಣಗಿ ಮರಿಯನ್ನು ಬಿಗಿದುಬಿಡುತ್ತದೆ. ಯಂತ್ರದ ಮುಚ್ಚಳವನ್ನು ತೆರೆದು ನೋಡುವ ಕುತೂಹಲ ಹೆಚ್ಚುವುದೂ ಈ ದಿನಗಳಲ್ಲಿಯೇ. ತೆರೆದೊಡನೆ ತೇವವೆಲ್ಲ ಹೊರಬೀಳುತ್ತದೆ. ಚಿಪ್ಪು ಒಡೆದ ಮೇಲೆ ಮರಿ ಹೊರಬರಲು 12ರಿಂದ 24 ಗಂಟೆ ಹಿಡಿಯಬಹುದು. ಆ ಅವಧಿಯಲ್ಲಿ ಪೊರೆಯ ರಕ್ತನಾಳಗಳು ಬತ್ತುತ್ತವೆ, ಉಳಿದ ಹಳದಿ ಲೋಳೆಯು ಮರಿಯ ಹೊಟ್ಟೆಯೊಳಗೆ ಸೇರುತ್ತದೆ. ಕನಿಕರದಿಂದ ಅವಸರಪಟ್ಟು ಚಿಪ್ಪನ್ನು ಸುಲಿದರೆ ರಕ್ತಸ್ರಾವವಾಗಿ ಮರಿ ಸಾಯುವ ಸಂಭವವುಂಟು.

ಹೊಟ್ಟೆ ಸೇರಿದ ಈ ಹಳದಿ ಲೋಳೆಯೇ ಮರಿಯ ಮೊದಲ ಬುತ್ತಿ. ಇದರ ಬಲದಿಂದ ಅದು ಎರಡು ದಿನ ಮೇವಿಲ್ಲದೆಯೂ ಬದುಕಬಲ್ಲುದು. ಒಂದು ದಿನದ ಮರಿಗಳನ್ನು ದೂರದ ಊರುಗಳಿಗೆ ಕಳುಹಿಸಲು ಸಾಧ್ಯವಾಗಿರುವುದೂ ಇದರಿಂದಲೇ. ಆದರೂ ಮೈ ಒಣಗಿದ ಮರಿಗೆ ನೀರು, ಮೇವುಗಳನ್ನು ಬೇಗ ಒದಗಿಸುವುದು ಲೇಸು. ನೀರಿನ ಪಾತ್ರೆ ಆಳವಿಲ್ಲದ್ದಾಗಿರಬೇಕು.

ಎಳೆಮರಿಗೆ ತನ್ನ ಮೈಶಾಖವನ್ನು ಕಾಪಾಡಿಕೊಳ್ಳುವ ಶಕ್ತಿ ಇನ್ನೂ ಬಂದಿರುವುದಿಲ್ಲ. ಮೊದಲ ವಾರ ಸುಮಾರು 35 ಡಿಗ್ರಿ ಶಾಖವನ್ನು ಕೊಟ್ಟು, ಅನಂತರ ವಾರಕ್ಕೆ ಸುಮಾರು 3 ಡಿಗ್ರಿಯಂತೆ ಇಳಿಸಬೇಕು. ಮರಿಗಳು ದೀಪದಡಿ ಒತ್ತೊತ್ತಾಗಿ ಗುಂಪುಗೂಡಿದರೆ ಚಳಿಯೆಂದೂ, ಬಾಯಿ ತೆರೆದು ದೂರ ಸರಿದರೆ ಸೆಕೆಯೆಂದೂ, ನೆಲದ ಮೇಲೆ ಸಮನಾಗಿ ಹರಡಿಕೊಂಡರೆ ಶಾಖ ಹಿತವಾಗಿದೆಯೆಂದೂ ತಿಳಿಯತಕ್ಕದ್ದು. ಕಾವಿನ ಕಾಲದಲ್ಲಿ ಮೊಟ್ಟೆಯ ತೂಕ ಹೇಗೋ, ಮರಿಯಾದ ಮೇಲೆ ಅದರ ನಡವಳಿಕೆಯೂ ಹಾಗೆಯೇ ಮಾಪಕವನ್ನು ತಿದ್ದುವ ಮಾಪಕವಾಗಿದೆ.