ಮೈ ಸುಟ್ಟರೆ ಮಲೇರಿಯಾ ರೋಗಾಣು ಸಾಯುತ್ತದೆಯೇ? ಫಾರ್ವರ್ಡ್ ಮಾಡುವ ಮುನ್ನ ಓದಿ

ಜ್ವರದ ಬಿಸಿಗೆ ಮಲೇರಿಯಾ ರೋಗಾಣು ತಾನಾಗಿಯೇ ಸುಟ್ಟುಹೋಗುತ್ತದೆ, ಕಂಬಳಿ ಹೊದ್ದು ಎರಡು ಸಲ ಬೆವರಿದರೆ ಸಾಕು, ಮಾತ್ರೆ ಬೇಡ ಎಂಬ ಮಾತನ್ನು ನೀವೂ ಕೇಳಿರಬಹುದು. ಇದನ್ನು ನಂಬಿ ಕೂತರೆ ಜೀವಕ್ಕೇ ಅಪಾಯ.

ಹೀಗೆ ಅನ್ನಿಸುವುದು ಏಕೆ?

ಮಲೇರಿಯಾ ರೋಗಾಣು ನಮ್ಮ ಕೆಂಪು ರಕ್ತಕಣದೊಳಗೆ ಬೆಳೆದು, ಹಲವು ಮರಿಗಳಾಗಿ, ಕಣವನ್ನು ಒಡೆದು ಹೊರಬರುತ್ತದೆ. ಆಗಲೇ ಚಳಿ, ನಡುಕ, ಜ್ವರ. ನಂತರ ಬೆವರಿ ಮೈ ತಣ್ಣಗಾಗುತ್ತದೆ. ಅಷ್ಟರಲ್ಲಿ ಮರಿಗಳು ಹೊಸ ರಕ್ತಕಣಗಳೊಳಗೆ ಸೇರಿರುತ್ತವೆ. ಈ ಸುತ್ತು ಸಾಮಾನ್ಯವಾಗಿ 48 ಗಂಟೆಯದು. ಅದಕ್ಕೇ ದಿನ ಬಿಟ್ಟು ದಿನ ಜ್ವರ. ಅಂದರೆ, ಆರಾಮ ಅನ್ನಿಸುವ ದಿನವೇ ರೋಗಾಣು ಒಳಗೆ ಬೆಳೆಯುತ್ತಿರುತ್ತದೆ.

ಬಿಸಿಯನ್ನು ಅದು ತಾಳಿಕೊಳ್ಳುವುದು ಹೇಗೆ?

ಬಿಸಿಗೆ ಮೊಟ್ಟೆಯ ಬಿಳಿ ಗಟ್ಟಿಯಾಗುತ್ತದಲ್ಲ, ಅದು ಪ್ರೋಟೀನ್ ಆಕಾರ ಕೆಡುವ ಪರಿ. ಹಾಗೆ ಕೆಡದಂತೆ ಕಾಯಲು ಜೀವಕೋಶಗಳಲ್ಲಿ ಕಾವಲುಗಾರ ಪ್ರೋಟೀನ್‌ಗಳಿವೆ. ಮಲೇರಿಯಾ ರೋಗಾಣುವಿನಲ್ಲಿರುವ ಅಂಥದ್ದೊಂದರ ಹೆಸರು ಹೀಟ್ ಶಾಕ್ ಪ್ರೋಟೀನ್ 90.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಉತ್ಪಲ್ ಟಾಟು ಅವರ ತಂಡ ಇದನ್ನು ಅಭ್ಯಾಸ ಮಾಡಿತು. ಫಾಲ್ಸಿಪಾರಂ ಎಂಬ ಅಪಾಯಕಾರಿ ಜಾತಿಯ ರೋಗಾಣುವನ್ನು ಲ್ಯಾಬಿನಲ್ಲಿ ಮನುಷ್ಯರ ರಕ್ತಕಣಗಳಲ್ಲಿ ಬೆಳೆಸಿ, ಜೆಲ್ಡಾನಮೈಸಿನ್ ಎಂಬ ರಾಸಾಯನಿಕದಿಂದ ಈ ಪ್ರೋಟೀನಿನ ಕೆಲಸ ತಡೆದಾಗ, ರೋಗಾಣು ಎಳೆಯ ಉಂಗುರದಾಕಾರದ ಹಂತದಿಂದ ಮುಂದೆ ಬೆಳೆಯಲಿಲ್ಲ. ಇದು 2003ರಲ್ಲಿ ಪ್ರಕಟವಾಯಿತು. 2004ರಲ್ಲಿ ಇನ್ನೂ ಅಚ್ಚರಿಯ ಫಲಿತಾಂಶ: ಜ್ವರದಂತೆ ಮತ್ತೆ ಮತ್ತೆ ಬಿಸಿ ತಾಗಿಸಿದಾಗ ರೋಗಾಣುವಿನ ಬೆಳವಣಿಗೆಗೆ ಉತ್ತೇಜನವೇ ಸಿಕ್ಕಿತು. ಅದಕ್ಕೆ ಬೆನ್ನೆಲುಬಾಗಿದ್ದದ್ದು ಇದೇ ಪ್ರೋಟೀನ್.

ಯೋಚಿಸಿದರೆ ಇದು ಸಹಜವೇ. ಸುಮಾರು 25 ಡಿಗ್ರಿಯ ಸೊಳ್ಳೆಯ ಮೈಯಿಂದ 37 ಡಿಗ್ರಿಯ ನಮ್ಮ ಮೈಗೆ ಬರುವ ಜೀವಿ ಅದು. 41 ಡಿಗ್ರಿ ಜ್ವರಕ್ಕೂ ಅದರ ಬಳಿ ಸಿದ್ಧತೆ ಇದೆ. ಹೆಚ್ಚು ಹೊತ್ತಿನ ಬಿಸಿಗೆ ಬಲಿತ ರೋಗಾಣುಗಳಲ್ಲಿ ಕೆಲವು ಸಾಯುವುದು ನಿಜ, ಆದರೆ ಅಷ್ಟರಿಂದ ರೋಗ ವಾಸಿಯಾಗದು.

ಹಾಗಾದರೆ ಈ ಪ್ರೋಟೀನನ್ನೇ ತಡೆಯುವ ಮಾತ್ರೆ ಇದೆಯೇ?

ಸದ್ಯಕ್ಕೆ ಇಲ್ಲ. ಇಂಥದ್ದೇ ಪ್ರೋಟೀನ್ ನಮ್ಮ ಜೀವಕೋಶಗಳಲ್ಲೂ ಇದೆ, ಜೆಲ್ಡಾನಮೈಸಿನ್ ಲಿವರ್‌ಗೆ ಹಾನಿ ಮಾಡುತ್ತದೆ. ಆದರೆ ಮಲೇರಿಯಾಕ್ಕೆ ಬೇರೆ ಒಳ್ಳೆಯ ಔಷಧಿಗಳು ಈಗಾಗಲೇ ಇವೆ.

ನಾವು ಮಾಡಬೇಕಾದ್ದೇನು?

ಗಂಗಾವತಿಯ ಕಾಲುವೆ, ಭತ್ತದ ಗದ್ದೆಗಳ ಪಕ್ಕ ಇರುವವರು, ಕೊಪ್ಪಳ, ಕುಷ್ಟಗಿ, ಯಲಬುರ್ಗಾದಿಂದ ಮಂಗಳೂರು ಕಡೆ ಕಟ್ಟಡ ಕೆಲಸಕ್ಕೆ ಗುಳೆ ಹೋಗಿ ಬಂದವರು ಚಳಿಜ್ವರ ಬಂದರೆ ತಡ ಮಾಡದೆ ರಕ್ತ ಪರೀಕ್ಷೆ ಮಾಡಿಸಿ. ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆಯೂ ಔಷಧಿಯೂ ಉಚಿತ. ಎಲ್ಲಿಗೆ ಹೋಗಿದ್ದಿರಿ ಎಂಬುದನ್ನು ಡಾಕ್ಟರಿಗೆ ಹೇಳಿ.

ಪ್ಯಾರಾಸಿಟಮಾಲ್ ಜ್ವರ ಇಳಿಸುತ್ತದೆ, ರೋಗಾಣುವನ್ನು ಕೊಲ್ಲುವುದಿಲ್ಲ. ವೈವಾಕ್ಸ್ ಮಲೇರಿಯಾ ಆದರೆ ರೋಗಾಣು ಲಿವರ್‌ನಲ್ಲಿ ಅಡಗಿ ಕೂತು ತಿಂಗಳುಗಳ ನಂತರ ಮತ್ತೆ ಏಳಬಹುದು. ಅದಕ್ಕೇ ಪ್ರೈಮಾಕ್ವಿನ್ ಮಾತ್ರೆಯನ್ನು 14 ದಿನ ಕೊಡುತ್ತಾರೆ. ಗರ್ಭಿಣಿಯರಿಗೆ, ಎಳೆ ಕೂಸುಗಳಿಗೆ ಅದು ಕೂಡದು, ಆದ್ದರಿಂದ ಮನೆಯಲ್ಲಿ ಉಳಿದ ಮಾತ್ರೆಯನ್ನು ಇನ್ನೊಬ್ಬರಿಗೆ ಕೊಡಬೇಡಿ.

ಸತ್ಯ ಇಷ್ಟೇ: ಜ್ವರ ಇಳಿದ ಮಾತ್ರಕ್ಕೆ ಮಲೇರಿಯಾ ಹೋಗಿಲ್ಲ. ಫಾರ್ವರ್ಡ್ ಮಾಡುವುದಾದರೆ ಈ ಮಾತನ್ನು ಮಾಡಿ.